ಹೆನ್ರಿ ಫೋರ್ಡರ ಎಂಟು ಗಂಟೆ

ದುಡಿಮೆಯ ಹೊತ್ತನ್ನು ಕಡಮೆಮಾಡಿದ ಉದಾರಿಗಳೆಂದು ಕೀರ್ತಿವಂತರಾದ ಧಣಿಗಳಲ್ಲಿ ಅಮೆರಿಕದ ಹೆನ್ರಿ ಫೋರ್ಡರು ಅಗ್ರಗಣ್ಯರು. ಆ ಕೀರ್ತಿಯು ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ಅವರ ಚರಿತ್ರೆಯನ್ನು ಕಡೆಯವರೆಗೆ ಪರಿಶೀಲಿಸಿದವರಿಗೆ, ಗಡಿಯಾರದಲ್ಲಿ ಬಿಟ್ಟುಕೊಟ್ಟ ಗಂಟೆಯು ಆಳಿನ ಮೈಯಿಂದಲೇ ವಸೂಲಾದುದು ಕಾಣದಿರದು.

ಫೋರ್ಡರು 1863ನೆಯ ಇಸವಿಯಲ್ಲಿ ಮಿಷಿಗನ್ ಸಂಸ್ಥಾನದ ಒಕ್ಕಲುಮನೆಯೊಂದರಲ್ಲಿ ಜನಿಸಿದರು. ಹದಿನಾರನೆಯ ವಯಸ್ಸಿನಲ್ಲಿ ಹೊಲವನ್ನು ಬಿಟ್ಟು ಡೆಟ್ರಾಯಿಟ್ ನಗರದ ಯಂತ್ರಶಾಲೆಯನ್ನು ಸೇರಿದರು. 1903ರಲ್ಲಿ ತಮ್ಮ ಹೆಸರಿನ ಕಂಪನಿಯನ್ನು ಸ್ಥಾಪಿಸಿ, 1908ರಲ್ಲಿ ಮಾಡೆಲ್ ಟಿ ಎಂಬ ಮೋಟಾರುಗಾಡಿಯನ್ನು ಹೊರತಂದರು. 1913ರಲ್ಲಿ, ಆಳು ಗಾಡಿಯ ಬಳಿಗೆ ಹೋಗುವ ಬದಲು ಗಾಡಿಯೇ ಆಳಿನ ಮುಂದೆ ಸಾಗಿಬರುವ ಏರ್ಪಾಡಾಯಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆಯು ಕ್ರಮೇಣ 93 ನಿಮಿಷಗಳಿಗೆ ಇಳಿಯಿತು. ದಿನವೆಲ್ಲ ಒಂದೇ ತಿರುಪನ್ನು ತಿರುಗಿಸಿ ಬೇಸತ್ತ ಜನರು ಕೆಲಸ ಬಿಟ್ಟು ಹೋಗತೊಡಗಿದರು. ಸುಮಾರು 14,000 ಮಂದಿಯ ಬಲವನ್ನು ಕಾಪಾಡಿಕೊಳ್ಳಲು ಆ ವರ್ಷ 52,000ಕ್ಕೂ ಮಿಕ್ಕಿ ಜನರನ್ನು ನೇಮಿಸಬೇಕಾಯಿತು.

ಈ ಸಂಕಟದಿಂದ ಪಾರಾಗುವುದಕ್ಕೆ ಕಂಡ ಉಪಾಯವೇ 1914ನೆಯ ಜನವರಿಯ ಘೋಷಣೆ. ಒಂಬತ್ತು ಗಂಟೆಯ ದಿನಗೆಲಸವು ಎಂಟಕ್ಕೆ ಇಳಿಯಿತು. ದಿನದ ಸಂಪಾದನೆಯು 5 ಡಾಲರುಗಳಿಗೆ ಏರಿತು. ಲೋಕವು ಬೆರಗಾಯಿತು. ಆದರೆ ಎರಡು ಪಾಳಿಗಳಿದ್ದಲ್ಲಿ ಮೂರು ಪಾಳಿಗಳಾಗಿ, ಕಾರ್ಖಾನೆಯು ಹಗಲಿರುಳೆನ್ನದೆ ನಡೆಯಿತು. ಮೂರನೆಯ ಪಾಳಿಯವರು ನಿದ್ರೆಯ ಹೊತ್ತಿನಲ್ಲಿ ದುಡಿಯಬೇಕಾಯಿತು. ಸಾಲಿನ ವೇಗವನ್ನು ನಿಶ್ಚಯಿಸುವ ಅಧಿಕಾರವೆಲ್ಲ ಧಣಿಯ ಕೈಯಲ್ಲಿಯೇ ಉಳಿಯಿತು. ಐದು ಡಾಲರುಗಳಲ್ಲಿ ಅರ್ಧದಷ್ಟು ಲಾಭದ ಪಾಲು. ಅದಕ್ಕೆ ಆಳು ಅರ್ಹನೇ ಎಂಬುದನ್ನು ತಿಳಿಯಲು ಕಂಪನಿಯ ತನಿಖೆದಾರರು ಅವನ ಮನೆಗೇ ಹೋಗಿ ಸಂಸಾರ, ಕುಡಿತ, ಉಳಿತಾಯಗಳನ್ನು ವಿಚಾರಿಸುತ್ತಿದ್ದರು. ಕೊಟ್ಟ ಬಿಡುವಿಗೂ ಕಾವಲು ಬಿದ್ದಿತು!

1926ರಲ್ಲಿ ವಾರಕ್ಕೆ ಐದೇ ದಿನಗಳ ಕೆಲಸವೆಂದು ನಿಯಮವಾಯಿತು. ಆರು ದಿನಗಳ ಉತ್ಪತ್ತಿಯನ್ನು ಐದರಲ್ಲಿಯೇ ಪಡೆಯುವ ನಿರೀಕ್ಷೆಯು ಅದರ ಹಿಂದಿದ್ದಿತು. 1937ರಲ್ಲಿ ಕಾರ್ಮಿಕ ಸಂಘದ ಕರಪತ್ರ ಹಂಚಲು ಬಂದವರನ್ನು ಕಂಪನಿಯ ಕಾವಲುಗಾರರು ಥಳಿಸಿದರು. 1941ರಲ್ಲಿ ಫೋರ್ಡರು ಸಂಘವನ್ನು ಒಪ್ಪಿಕೊಳ್ಳಲೇಬೇಕಾಯಿತು. 1947ರಲ್ಲಿ ಅವರು ಕಾಲವಾದರು.

ಹೊತ್ತನ್ನು ಕಡಮೆಮಾಡುವುದಕ್ಕೆ ನಾವು ವಿರೋಧಿಗಳಲ್ಲ. ಬೇಸತ್ತ ಆಳಿಗೆ ಒಂದು ಗಂಟೆಯ ಬಿಡುವೂ ದೊಡ್ಡದೇ. ಆದರೆ ಗಂಟೆಗಳನ್ನು ಮಾತ್ರ ಎಣಿಸಿ, ಕೆಲಸದ ವೇಗ, ರಾತ್ರಿಯ ಪಾಳಿ, ಕೂಲಿಯ ಷರತ್ತು ಇವುಗಳನ್ನು ಎಣಿಸದ ಸುಧಾರಣೆಯು ಒಂದು ಕೈಯಿಂದ ಕೊಟ್ಟು ಮತ್ತೊಂದು ಕೈಯಿಂದ ಕಸಿದುಕೊಂಡಂತೆಯೇ ಸರಿ. ದುಡಿಮೆಯ ಹೊತ್ತಿನ ಬಗೆಗೆ ಕಾನೂನು ರಚಿಸುವ ಅಧಿಕಾರಿವರ್ಗದವರು ಗಡಿಯಾರದೊಡನೆ ಆಳಿನ ದಣಿವನ್ನೂ ನೋಡುವರೆಂದು ಆಶಿಸುತ್ತೇವೆ.