ಹಲವು ನಾಡಿನವರ ನಡುವೆ ಕಲ್ಯಾಣದ ಭಂಡಾರಿ



ಕಳೆದ ಅಮಾವಾಸ್ಯೆಯಂದು ಶ್ರೀಮಠಕ್ಕೆ ಬಂದಿದ್ದ ಹಿರಿಯ ಒಕ್ಕಲಿಗರೊಬ್ಬರು ಪ್ರಸಾದ ಮುಗಿದ ಮೇಲೂ ಏಳದೆ ಕುಳಿತಿದ್ದರು. ವಿಚಾರಿಸಲಾಗಿ ಮಗನ ಚಿಂತೆಯನ್ನು ಹೇಳಿಕೊಂಡರು. ಮಗ ದೂರದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಕೈಕೆಳಗೆ ಇಪ್ಪತ್ತು ಮಂದಿ. ಒಡಿಶಾದವರು, ಬಿಹಾರದವರು, ತೆಲುಗರು, ತಮಿಳರು. ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯದು, ಒಬ್ಬರ ಬುತ್ತಿಯ ವಾಸನೆ ಮತ್ತೊಬ್ಬರಿಗೆ ಆಗದು. ಒಂದು ದಿನ ಮಗನೇ ಒಬ್ಬ ಕೆಲಸಗಾರನ ಬುತ್ತಿಯನ್ನು ಕುರಿತು ಹಗುರವಾಗಿ ಏನೋ ಆಡಿಬಿಟ್ಟ. ಆ ಮನುಷ್ಯ, ಒಳ್ಳೆಯ ಪಳಗಿದ ಕೈ, ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಮೇಲಿನವನು ಕೆಳಗಿನವನ ಬಾಗಿಲಿಗೆ ಹೋದರೆ ಅಧಿಕಾರದ ಮರ್ಯಾದೆ ಉಳಿದೀತೆ ಎಂಬುದು ತಂದೆಯ ಪ್ರಶ್ನೆ.

ನಾವು ಅವರಿಗೆ ಬಸವಣ್ಣನವರ ಚರಿತ್ರೆಯನ್ನು ಹೇಳಿದೆವು. ತಮಗೆಲ್ಲ ತಿಳಿದದ್ದೇ. ಆದರೂ ಭಂಡಾರಿಯಾಗಿ, ಹತ್ತು ಕಡೆಯಿಂದ ಬಂದ ದುಡಿಯುವ ಜನರ ನಡುವೆ ಬಾಳಿದವರಾಗಿ ಅವರನ್ನು ನೋಡುವುದು ಕಡಿಮೆ.

ಬಸವಣ್ಣನವರು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಮಗನಾಗಿ ಹುಟ್ಟಿದರು. ಮನೆತನದ ಆಚಾರಗಳಿಗೆ ಮನಸ್ಸು ಒಗ್ಗದೆ ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮಕ್ಕೆ ಹೋಗಿ ಅಲ್ಲಿ ವಿದ್ಯೆ ಕಲಿತರು. ಆಮೇಲೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆಯಲ್ಲಿ ಬಿಜ್ಜಳನ ಆಸ್ಥಾನ ಸೇರಿದರು. ಹರಿಹರನ ರಗಳೆಯಲ್ಲಿ ಅವರ ಉದ್ಯೋಗ ಲೆಕ್ಕ ಬರೆಯುವ ಕರಣಿಕರ ಸಾಲಿನಿಂದಲೇ ಮೊದಲಾಗುತ್ತದೆ. ಲೆಕ್ಕದ ಜಾಣ್ಮೆಯಿಂದ ಮೇಲೆ ಬಂದು ಭಂಡಾರದ ಹೊಣೆ ಹೊತ್ತರು. ಕಳಚುರಿ ಬಿಜ್ಜಳ ಚಾಲುಕ್ಯರ ಅಧೀನದಿಂದ ಬಿಡಿಸಿಕೊಂಡು 1162ರ ಹೊತ್ತಿಗೆ ಸ್ವತಂತ್ರ ದೊರೆಯಾಗಿದ್ದ. ಕಲ್ಯಾಣ ದೊಡ್ಡ ರಾಜಧಾನಿ. ದುಡಿಮೆ ಹುಡುಕಿ, ಗುರುವನ್ನು ಹುಡುಕಿ ನಾನಾ ದಿಕ್ಕಿನ ಜನ ಅಲ್ಲಿಗೆ ಬರುತ್ತಿದ್ದರು.

ಹಾಗೆ ಬಂದವರ ಹೆಸರುಗಳನ್ನು ನೆನೆಯಬೇಕು. ಬಟ್ಟೆ ಮಡಿ ಮಾಡುವ ಮಾಚಯ್ಯನವರು ಹಿಪ್ಪರಗಿಯವರು. ಅಲ್ಲಮಪ್ರಭುಗಳು ಬಳ್ಳಿಗಾವೆಯ ಕಡೆಯವರು, ಸಿದ್ಧರಾಮೇಶ್ವರರು ಸೊನ್ನಲಿಗೆಯವರು. ಕಟ್ಟಿಗೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದವರೆಂದು ಪರಂಪರೆ ನಂಬುತ್ತದೆ. ಮರುಳಶಂಕರದೇವರು ಅಫಘಾನ ಸೀಮೆಯವರೆಂದು ಹೇಳುವುದುಂಟು. ಕಿನ್ನರಿ ಬೊಮ್ಮಯ್ಯನವರು ತೆಲುಗು ನಾಡಿನಿಂದ ಬಂದ ಅಕ್ಕಸಾಲಿಗರು. ಹರಳಯ್ಯನವರು ಮೆಟ್ಟು ಹೊಲಿಯುವವರು. ಇವರೆಲ್ಲರ ಊಟ ಉಡುಗೆ ಬೇರೆ, ಮಾತು ಬೇರೆ, ಜಾತಿಯಂತೂ ಬೇರೆಯೇ. ಇಷ್ಟು ಜನ ಒಂದು ಮಹಾಮನೆಯಲ್ಲಿ ಸೇರಿದಾಗ ತಿಕ್ಕಾಟವೇ ಬರಲಿಲ್ಲವೆಂದು ಯಾರಾದರೂ ಹೇಳಿದರೆ ನಾವು ನಂಬುವುದಿಲ್ಲ. ನಮ್ಮ ಪುರಾಣಗಳೂ ಹಾಗೆ ಹೇಳಿಲ್ಲ.

ಉಳ್ಳಾಗಡ್ಡಿಯ ಪ್ರಸಂಗವನ್ನೇ ನೋಡಿರಿ. ಪಾಲ್ಕುರಿಕೆ ಸೋಮನಾಥನು ತೆಲುಗಿನ ಬಸವಪುರಾಣದಲ್ಲಿ ಇದನ್ನು ಹೇಳಿದ್ದಾನೆ. ಬೊಮ್ಮಯ್ಯನವರಿಗೆ ಉಳ್ಳಾಗಡ್ಡಿ ಪ್ರಿಯ. ಬಸವಣ್ಣನವರು ಹುಟ್ಟಿ ಬೆಳೆದ ಮನೆಯಲ್ಲಿ ಅದು ಒಲೆಯ ಹತ್ತಿರಕ್ಕೂ ಬಾರದ ಪದಾರ್ಥ. ಒಂದು ದಿನ ಬೊಮ್ಮಯ್ಯನವರು ಉಳ್ಳಾಗಡ್ಡಿ ಅಣಿಮಾಡುತ್ತಿರುವಾಗ ಬಸವಣ್ಣನವರು ಅದರ ನಾತವನ್ನು ಹಳಿದು ಒಂದು ಮಾತು ಆಡಿಬಿಟ್ಟರು. ಮಾತು ಚಿಕ್ಕದು. ಆದರೆ ಆಡಿದವರು ರಾಜ್ಯದ ಭಂಡಾರಿ, ಕೇಳಿದವರು ಪರನಾಡಿನಿಂದ ನಂಬಿ ಬಂದವರು. ಅವರಿಗೆ ಅದು ಗಡ್ಡೆಯನ್ನು ಹಳಿದಂತೆ ಕೇಳಿಸಲಿಲ್ಲ, ತಮ್ಮನ್ನೇ ಹಳಿದಂತಾಯಿತು. ಬೊಮ್ಮಯ್ಯನವರು ಎದ್ದು ಹೊರಟೇಹೋದರು.

ಬಸವಣ್ಣನವರಿಗೆ ಹಲವು ದಾರಿಗಳಿದ್ದವು. ಅಷ್ಟಕ್ಕೆಲ್ಲ ಸಿಟ್ಟೇಕೆ ಎನ್ನಬಹುದಿತ್ತು. ಆಳನ್ನು ಕಳಿಸಿ ಕರೆಸಬಹುದಿತ್ತು. ಒಳಮನೆಗೆ ಕರೆದು ಸಮಾಧಾನ ಹೇಳಬಹುದಿತ್ತು. ನಮ್ಮಲ್ಲಿ ಬಹಳ ಮಂದಿ ಯಜಮಾನರು ಇದನ್ನೇ ಮಾಡುತ್ತಾರೆ, ಬೈಯುವುದು ನಾಲ್ಕು ಜನರ ಮುಂದೆ, ಒಪ್ಪಿಕೊಳ್ಳುವುದು ಕತ್ತಲೆಯಲ್ಲಿ. ಬಸವಣ್ಣನವರು ಉಳ್ಳಾಗಡ್ಡಿಯನ್ನು ರಾಶಿರಾಶಿಯಾಗಿ ತರಿಸಿ, ಅದನ್ನೇ ತೋರಣ ಕಟ್ಟಿಸಿ, ವಾದ್ಯ ವೈಭವದೊಡನೆ ಮೆರೆಯಿಸಿ ಬೊಮ್ಮಯ್ಯನವರನ್ನು ಬರಮಾಡಿಕೊಂಡರೆಂದು ಪುರಾಣ ವರ್ಣಿಸುತ್ತದೆ. ತಪ್ಪು ಎಲ್ಲರಿಗೂ ಕೇಳಿಸಿತ್ತು, ತಿದ್ದಿಕೊಂಡದ್ದೂ ಎಲ್ಲರಿಗೂ ಕಾಣಿಸಿತು. ಇಷ್ಟು ಹೇಳುವಷ್ಟರಲ್ಲಿ ನಮ್ಮ ಹಿರಿಯರು ನಕ್ಕುಬಿಟ್ಟರು. ಅವರು ಉಳ್ಳಾಗಡ್ಡಿ ಬೆಳೆಯುವವರೇ!

ಮರುಳಶಂಕರದೇವರ ಸಂಗತಿ ಮಾತ್ರ ನಗುವಂಥದಲ್ಲ. ಆ ಮಹಾನುಭಾವರು ಹನ್ನೆರಡು ವರ್ಷ ಮಹಾಮನೆಯಲ್ಲಿ ಪ್ರಸಾದದ ಕುಂಡದ ಬಳಿ, ಯಾರ ಕಣ್ಣಿಗೂ ಬೀಳದ ಸೇವೆಯಲ್ಲಿ ಕಳೆದರು. ದಿನಕ್ಕೆ ಸಾವಿರ ಜನ ಉಣ್ಣುವ ಮನೆ. ಎಲೆ ತೆಗೆಯುವವರ ಮುಖವನ್ನು ಯಾರು ನೋಡುತ್ತಾರೆ? ಕಡೆಗೆ ಗುರುತಿಸಿದವರು ಹೊರಗಿನಿಂದ ಬಂದ ಅಲ್ಲಮಪ್ರಭುಗಳು. ಶೂನ್ಯಸಂಪಾದನೆಯಲ್ಲಿ ಈ ಘಟ್ಟವನ್ನು ಓದುವಾಗಲೆಲ್ಲ ನಮಗೆ ಬಸವಣ್ಣನವರ ಸಂಕಟವೇ ಎದುರಿಗೆ ನಿಲ್ಲುತ್ತದೆ. ತಮ್ಮ ಮನೆಯಲ್ಲೇ ಇದ್ದ ರತ್ನವನ್ನು ತಾವು ಕಾಣದೆ ಹೋದೆವೆಂದು ಅವರು ಮರುಗಿದರು. ಅಷ್ಟು ದೊಡ್ಡವರ ಕಣ್ಣೂ ಒಮ್ಮೆ ತಪ್ಪಿತು. ಅದನ್ನು ಶರಣರು ಮುಚ್ಚಿಡಲಿಲ್ಲ, ಬರೆದಿಟ್ಟರು. ದೂರದವರು ತಮ್ಮನ್ನು ತಾವು ಹೇಳಿಕೊಳ್ಳಲಾರರು. ಭಾಷೆ ಬಾರದು, ಸಂಕೋಚ ಬಿಡದು. ಹುಡುಕಿ ನೋಡುವ ಕೆಲಸ ಮನೆಯೊಡೆಯನದೇ.

ಕೊಡುವುದರಲ್ಲಿಯೂ ಅವರು ಒಮ್ಮೆ ತಿದ್ದಿಸಿಕೊಂಡರು. ಮೋಳಿಗೆ ಮಾರಯ್ಯನವರ ಬಡತನ ನೋಡಲಾರದೆ ಗುಟ್ಟಾಗಿ ಅವರ ಗುಡಿಸಲಿಗೆ ಹೋಗಿ ಹೊನ್ನು ಇಟ್ಟು ಬಂದರು. ಮಾರಯ್ಯನವರು ಅದನ್ನು ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟರು. ಕಟ್ಟಿಗೆ ಹೊತ್ತು ಉಣ್ಣುವವನಿಗೆ ಕನಿಕರದ ಹೊನ್ನು ಬೇಡವಾಗಿತ್ತು. ಬಸವಣ್ಣನವರು ಇದಕ್ಕೂ ತಲೆಬಾಗಿದರು.

ಇನ್ನು ಭಂಡಾರದ ಮಾತು. ರಾಜನ ಹಣವನ್ನು ತಮ್ಮ ಜನಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯ ಮಂಚಣ್ಣನಂಥವರು ಬಿಜ್ಜಳನ ಕಿವಿ ಊದಿದರು. ಲೆಕ್ಕ ತೆಗೆಸಿದಾಗ ಒಂದು ಹೊನ್ನೂ ಕಡಿಮೆ ಬರಲಿಲ್ಲ. ಪುರಾಣಕಾರರು ಇದನ್ನು ಪವಾಡವೆಂದು ಹಾಡುತ್ತಾರೆ. ನಮಗೆ ಅದು ಕರಣಿಕನಾಗಿ ಕಲಿತ ಶಿಸ್ತಾಗಿಯೂ ಕಾಣುತ್ತದೆ. ಎಲ್ಲ ಜಾತಿಯವರನ್ನು ಪಂಕ್ತಿಗೆ ಕೂರಿಸುವವನ ಮೇಲೆ ಹತ್ತು ಕಣ್ಣು ಇರುತ್ತವೆ. ಅವನ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಪಂಕ್ತಿಯೇ ಎದ್ದುಹೋಗುತ್ತದೆ.

ಶೂನ್ಯಪೀಠದ ಮೇಲೆ ಅವರು ತಾವು ಕೂಡಲಿಲ್ಲ. ಅಲ್ಲಮಪ್ರಭುಗಳನ್ನು ಕೂರಿಸಿದರು.

ಕೊನೆಯ ಭಾಗವನ್ನು ಹೇಳುವುದು ಕಷ್ಟ. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿದರು. ಒಟ್ಟಿಗೆ ದುಡಿಯುವುದನ್ನು, ಒಟ್ಟಿಗೆ ಉಣ್ಣುವುದನ್ನು ಹೇಗೋ ಸಹಿಸಿದ್ದ ಊರು ಇದನ್ನು ಸಹಿಸಲಿಲ್ಲ. ಬಿಜ್ಜಳನು ಹೊಸದಾಗಿ ಪಟ್ಟ ಏರಿದವನು, ಹಿಂದಿನಿಂದ ಒತ್ತುವವರು ಪ್ರಬಲರು. ಅವನ ಇಕ್ಕಟ್ಟು ನಮಗೆ ಅರ್ಥವಾಗುತ್ತದೆ, ಮಾಡಿದ್ದು ಮಾತ್ರ ಕ್ಷಮೆಗೆ ಸಲ್ಲದು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು. ಜೊತೆಗಾರರನ್ನು ಉಳಿಸಿಕೊಳ್ಳಲು ಭಂಡಾರಿಯ ಮುದ್ರೆಯಿಂದ ಆಗಲಿಲ್ಲ. ಬಸವಣ್ಣನವರು ಅಧಿಕಾರ ತೊರೆದು ಸಂಗಮದ ಕಡೆ ನಡೆದರು. 1167-68ರ ಹೊತ್ತಿಗೆ ಬಿಜ್ಜಳನ ಆಳಿಕೆಯೂ ಮುಗಿಯಿತು. ಚೆನ್ನಬಸವಣ್ಣನವರು ಶರಣರನ್ನು ಕಟ್ಟಿಕೊಂಡು ಉಳವಿಯ ಕಾಡಿಗೆ ಹೋಗುವಾಗ ಹಿಂದೆ ಅಟ್ಟಿ ಬಂದ ಸೈನ್ಯವನ್ನು ತಡೆದವರಲ್ಲಿ ಮಡಿವಾಳ ಮಾಚಯ್ಯನವರು ಮುಂದಾಳು. ತಮ್ಮನ್ನು ಮನುಷ್ಯರೆಂದು ಕಂಡ ಮನೆಗಾಗಿ ಅವರು ಹೀಗೆ ನಿಂತರು.

ಬಸವಣ್ಣನವರು ಕೂಡಲಸಂಗಮದಲ್ಲಿ ಲಿಂಗೈಕ್ಯರಾದರು. ನಾರಾಯಣಪುರದ ಅಣೆಕಟ್ಟೆಯ ಹಿನ್ನೀರು ಬಂದಾಗ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಉಳಿಸಲಾಯಿತು. ಸುತ್ತ ನೀರು; ನಡುವೆ ಮೆಟ್ಟಿಲಿಳಿದು ಹೋಗಬೇಕು. ನಾವು ಅಲ್ಲಿಗೆ ಹೋದಾಗ ಮೆಟ್ಟಿಲ ಮೇಲೆ ಮರಾಠಿ, ತೆಲುಗು ಮಾತುಗಳೂ ಕಿವಿಗೆ ಬಿದ್ದವು.

ಹಿರಿಯರೂ ಸಂಗಮಕ್ಕೆ ಹೋಗಿಬಂದವರೇ. ನಮ್ಮ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನಿಗೆ ಫೋನು ಹಚ್ಚಿಕೊಡೆಂದು ಮಠದ ವಟುವನ್ನು ಕರೆದರು.