ತಿರುಳನ್ನು ಕಂಡ ವಿಜ್ಞಾನಿ ಅಮೋಸ್ ಡಿ-ಶಾಲಿಟ್

ವಿದ್ವತ್ತಿನ ಶಿಖರವನ್ನೇರಿದವರು ಶಾಲೆಯ ಮಕ್ಕಳತ್ತ ತಿರುಗಿ ನೋಡುವುದು ವಿರಳ. ಇಸ್ರೇಲಿನ ಭೌತವಿಜ್ಞಾನಿ ಅಮೋಸ್ ಡಿ-ಶಾಲಿಟ್ ಅಂತಹ ವಿರಳ ಮಹನೀಯರಲ್ಲೊಬ್ಬರು.

ಅವರು 1926ರಲ್ಲಿ ಜೆರೂಸಲೇಮಿನಲ್ಲಿ ಜನಿಸಿದರು. ಅಲ್ಲಿಯ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1951ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿದ್ಯಾಪೀಠದಿಂದ ಡಾಕ್ಟರೇಟ್ ಪಡೆದರು. 1954ರಲ್ಲಿ ರೆಹೋವೊತ್ ಪಟ್ಟಣದ ವೈಜ್‌ಮನ್ ವಿಜ್ಞಾನ ಸಂಸ್ಥೆಯ ಪರಮಾಣು ಬೀಜ ಭೌತವಿಜ್ಞಾನ ವಿಭಾಗಕ್ಕೆ ಪ್ರಥಮ ಮುಖ್ಯಸ್ಥರಾದಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಕವಚಗಳಾಗಿ ತುಂಬಿಕೊಳ್ಳುತ್ತವೆಂದು 1949ರಲ್ಲಿ ಮಾರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ಪ್ರತ್ಯೇಕವಾಗಿ ಪ್ರತಿಪಾದಿಸಿದ್ದರು. ಜೋಡಿಯಿಲ್ಲದೆ ಉಳಿದ ಕೊನೆಯ ಕಣವೇ ಆ ನ್ಯೂಕ್ಲಿಯಸ್ಸಿನ ಗುಣಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಆ ಸಿದ್ಧಾಂತದ ಸಾರ. ಆದರೆ ಭಾರವಾದ ನ್ಯೂಕ್ಲಿಯಸ್ಸುಗಳಲ್ಲಿ ಅಲ್ಪ ಶಕ್ತಿಯ ಅನೇಕ ಸ್ಥಿತಿಗಳು ಕಾಣುತ್ತಿದ್ದವು. ಒಂಟಿ ಕಣದ ಚಲನೆಯಿಂದ ಮಾತ್ರ ಅವನ್ನೆಲ್ಲ ವಿವರಿಸಲಾಗುತ್ತಿರಲಿಲ್ಲ.

1961ರಲ್ಲಿ ಡಿ-ಶಾಲಿಟ್ ಸರಳವಾದೊಂದು ಮಾರ್ಗವನ್ನು ತೋರಿದರು. ಒಂಟಿ ಕಣವು ತನ್ನ ನೆಲೆಯಲ್ಲೇ ಇದ್ದು, ಅದರೊಳಗಿನ ತಿರುಳು ಉದ್ರೇಕಗೊಳ್ಳುತ್ತದೆ. ಆಗ ಇವೆರಡರ ಭ್ರಮಣಗಳು ಕೂಡಿ ಸ್ಥಿತಿಗಳ ಒಂದು ಗುಂಪೇ ಹುಟ್ಟುತ್ತದೆ ಎಂದರು. ಇದಕ್ಕೆ ಚಿನ್ನವೇ ಒಳ್ಳೆಯ ನಿದರ್ಶನ. 79 ಪ್ರೋಟಾನುಗಳುಳ್ಳ ಚಿನ್ನವನ್ನು, 78 ಪ್ರೋಟಾನುಗಳುಳ್ಳ ಪ್ಲಾಟಿನಂ ತಿರುಳಿಗೆ ಒಂದು ಪ್ರೋಟಾನು ಸೇರಿದಂತೆ ಭಾವಿಸಬಹುದು. ತಿರುಳಿನ ಉದ್ರಿಕ್ತ ಸ್ಥಿತಿಯ ಭ್ರಮಣ 2, ಪ್ರೋಟಾನಿನದು 3/2. ಇವು ಕೂಡಿದರೆ ನಾಲ್ಕೇ ಸ್ಥಿತಿಗಳು ಸಾಧ್ಯ. ಚಿನ್ನದಲ್ಲಿ 77, 269, 279 ಮತ್ತು 547 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಆ ನಾಲ್ಕೂ ದೊರೆಯುತ್ತವೆ. ಭ್ರಮಣಕ್ಕೆ ತಕ್ಕ ತೂಕವಿತ್ತು ಸರಾಸರಿ ತೆಗೆದರೆ 364 ಬರುತ್ತದೆ. ಪ್ಲಾಟಿನಂ ತಿರುಳಿನ ಉದ್ರೇಕ ಶಕ್ತಿಯಾದರೋ 356! ಬಿಡಿಬಿಡಿಯಾಗಿ ಕಂಡ ಅಂಕಿಗಳು ಒಂದೇ ಕುಟುಂಬದವೆಂದು ಹೀಗೆ ಗೋಚರವಾಯಿತು. ವಾಸ್ತವದಲ್ಲಿ ಈ ಸ್ಥಿತಿಗಳು ಅಷ್ಟು ಶುದ್ಧವಲ್ಲ, ಇತರ ಸ್ಥಿತಿಗಳೊಡನೆ ಬೆರೆತಿರುತ್ತವೆ. ಆದರೂ ಆ ಬೆರಕೆಯನ್ನು ಅಳೆಯುವುದಕ್ಕೇ ಈ ಸರಳ ಚಿತ್ರವು ಆಧಾರವಾಯಿತು.

ಸಹೋದ್ಯೋಗಿ ಇಗಾಲ್ ತಾಲ್ಮಿಯವರೊಡನೆ 1963ರಲ್ಲಿ ಅವರು ಹೊರತಂದ ಕವಚ ಸಿದ್ಧಾಂತದ ಗ್ರಂಥವು ಜಗತ್ತಿನ ಸಂಶೋಧಕರಿಗೆ ಕೈಪಿಡಿಯಾಯಿತು. 1965ರಲ್ಲಿ ಇಬ್ಬರಿಗೂ ಇಸ್ರೇಲ್ ಪ್ರಶಸ್ತಿ ಸಂದಿತು. ಮುಂದೆ ಡಿ-ಶಾಲಿಟ್ ವೈಜ್‌ಮನ್ ಸಂಸ್ಥೆಯ ಮಹಾನಿರ್ದೇಶಕರೂ ಆದರು.

ಕೀರ್ತಿಯ ಈ ನಡುಹಗಲಿನಲ್ಲಿಯೇ ಅವರ ಮನಸ್ಸು ಶಾಲೆಗಳತ್ತ ಹರಿಯಿತು. ಶಾಲೆಯಲ್ಲಿ ವಿಜ್ಞಾನವನ್ನು ಕಲಿಸುವ ಬಗೆಯೂ ಸಂಶೋಧನೆಗೆ ಯೋಗ್ಯವಾದ ವಿಷಯವೆಂದು ಬಗೆದು, ತಮ್ಮ ಸಂಸ್ಥೆಯಲ್ಲಿ ವಿಜ್ಞಾನ ಬೋಧನೆಗೆ ಸ್ಥಾನ ಕಲ್ಪಿಸಿದರು. ಹೆಸರಾಂತ ಸಂಶೋಧಕನಿಗೆ ಪ್ರತಿ ವರ್ಷವೂ ಅಮೂಲ್ಯ. ಆ ವರ್ಷಗಳನ್ನು ಅವರು ಪಠ್ಯಕ್ರಮಕ್ಕಾಗಿ, ಉಪಾಧ್ಯಾಯರಿಗಾಗಿ ಸಂತೋಷದಿಂದ ವ್ಯಯಿಸಿದರು.

ವಿಧಿ ಅವರಿಗೆ ಹೆಚ್ಚು ಕಾಲ ಕೊಡಲಿಲ್ಲ. 1969ರ ಸೆಪ್ಟೆಂಬರಿನಲ್ಲಿ, ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ, ಹಠಾತ್ ಕಾಯಿಲೆಯಿಂದ ನಿಧನ ಹೊಂದಿದರು. ಹರ್ಮನ್ ಫೆಶ್‌ಬಾಕ್ ಅವರೊಡನೆ ಬರೆಯುತ್ತಿದ್ದ ಗ್ರಂಥದ ಮೊದಲ ಸಂಪುಟವು ಅವರಿಲ್ಲದೆ 1974ರಲ್ಲಿ ಬೆಳಕು ಕಂಡಿತು. ರೆಹೋವೊತ್‌ನ ಒಂದು ಪ್ರೌಢಶಾಲೆ ಅವರ ಹೆಸರನ್ನು ಹೊತ್ತಿದೆ. ಸಂಶೋಧನೆಯಷ್ಟೇ ಬೋಧನೆಯನ್ನೂ ಗೌರವಿಸಿದ ಆ ವಿದ್ವಾಂಸರಿಗೆ ಇದಕ್ಕಿಂತ ಉಚಿತವಾದ ಸ್ಮಾರಕವಿಲ್ಲ.