ಹೊಲಿಗೆಗೆ ಮೊದಲು ಚಾಪೆ

ಎಂಟನೇ ತರಗತಿಯ ರೇಖಾಗಣಿತ ಪಾಠದಲ್ಲಿ ಒಬ್ಬ ಹುಡುಗನ ಕೈವಾರ ಪದೇ ಪದೇ ಜಾರುತ್ತಿತ್ತು. ಅವಧಿ ಮುಗಿಯುವ ಗಡಿಬಿಡಿಯಲ್ಲಿ ನಾನೇ ಅದನ್ನು ತೆಗೆದುಕೊಂಡು ವೃತ್ತ ಎಳೆದುಬಿಟ್ಟೆ. ಅವನು ಪುಸ್ತಕ ಮುಚ್ಚಿದ. ಆ ರಾತ್ರಿ ಮಾರಿಯಾ ಮಾಂಟೆಸ್ಸೊರಿಯವರ ಬಗ್ಗೆ ಓದಿದೆ.

1870ರಲ್ಲಿ ಇಟಲಿಯಲ್ಲಿ ಹುಟ್ಟಿದ ಅವರು 1896ರಲ್ಲಿ ರೋಮ್‌ನಲ್ಲಿ ವೈದ್ಯ ಪದವಿ ಪಡೆದರು. ಮೊದಲು ಕಲಿಸಿದ್ದು ಬುದ್ಧಿಮಾಂದ್ಯರೆನಿಸಿಕೊಂಡ ಮಕ್ಕಳಿಗೆ. ಅವರಲ್ಲಿ 11 ವರ್ಷದ ಒಬ್ಬ ಹುಡುಗಿಗೆ ಕೈಯಲ್ಲಿ ಬಲವಿದ್ದರೂ ಹೊಲಿಗೆ ಬರುತ್ತಿರಲಿಲ್ಲ. ಮಾಂಟೆಸ್ಸೊರಿ ಸೂಜಿ ಬಿಡಿಸಿ, ಕಾಗದದ ಪಟ್ಟಿಗಳನ್ನು ಮೇಲೆ ಕೆಳಗೆ ತೂರಿಸಿ ಚಾಪೆ ಹೆಣೆಯಲು ಕೊಟ್ಟರು. ಆಮೇಲೆ ಸೂಜಿ ಹಿಡಿದಾಗ ಹುಡುಗಿ ಹೊಲಿದಳು. ಆ ಚಲನೆ ಕೈಗೆ ಆಗಲೇ ರೂಢಿಯಾಗಿತ್ತು.

1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಬಡ ಮಕ್ಕಳಿಗಾಗಿ ಆರಂಭವಾದ ಶಾಲೆಯಲ್ಲೂ ಇದೇ ಕ್ರಮ. ಮೂರು ಬೆರಳಲ್ಲಿ ಸಣ್ಣ ಹಿಡಿ ಹಿಡಿದು ಸಿಲಿಂಡರ್ ಎತ್ತುವುದು, ಉಪ್ಪು ಕಾಗದದ ಅಕ್ಷರ ಸವರುವುದು; ಬರವಣಿಗೆ ಆಮೇಲೆ. 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದವರು ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. 1952ರಲ್ಲಿ ತೀರಿಕೊಂಡರು.

ಅವರ ಸಾಮಗ್ರಿಗಳ ಬೆಲೆ ನಮ್ಮ ಶಾಲೆಗೆ ಎಟುಕದು, ಬುಗುರಿ ಎಟುಕುತ್ತದೆ. ಹುಡುಗನಿಗೆ ಬೆರಳ ತುದಿಯಲ್ಲಿ ತಿರುಗಿಸುವ ಪುಟ್ಟ ಬುಗುರಿ ಕೊಟ್ಟಿದ್ದೇನೆ. ನಿನ್ನೆ ಅವನೇ ಕೈವಾರ ತಿರುಗಿಸಿದ. ವೃತ್ತದ ಎರಡು ತುದಿ ಇನ್ನೂ ಪೂರ್ತಿ ಕೂಡಿಲ್ಲ.